ಕುಂಡದೊಳಗಣ ಮರ: ಬೋನ್ಸಾಯ್ ಬೆಳೆಸಲು ತೊಡಗುವವರಿಗೆ ಕೆಲವು ಮಾತುಗಳು

ನಮ್ಮ ಪೂರ್ವ ವಿದ್ಯಾರ್ಥಿನಿಯರು ಶಾಲೆಯನ್ನು ನೋಡಲು ಬಂದಾಗಲೆಲ್ಲ ಕಛೇರಿಯ ಮುಂದಣ ಜಗಲಿಯಲ್ಲಿರುವ ಗಿಡ್ಡ ಮರಗಳ ಬಳಿ ತುಸು ಹೊತ್ತು ನಿಂತು, ಅವನ್ನು ಬೆಳೆಸುವ ಬಗೆಯನ್ನು ವಿಚಾರಿಸುವುದು ವಾಡಿಕೆಯಾಗಿದೆ. ಹೆತ್ತವರಲ್ಲಿ ಕೆಲವರು, ಬಹು ಹಣ ಕೊಟ್ಟು ತಂದ ಬೋನ್ಸಾಯ್ ಮೂರು ತಿಂಗಳೊಳಗೆ ಒಣಗಿಹೋಯಿತೆಂದು ವ್ಯಸನದಿಂದ ಹೇಳಿರುವರು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಕೊಡುವುದಕ್ಕಿಂತ ಈ ಸಂಚಿಕೆಯ ಮೂಲಕ ಎಲ್ಲರಿಗೂ ಒಮ್ಮೆಗೇ ತಿಳಿಸುವುದು ಲೇಸೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯಲು ಕುಳಿತಿದ್ದೇವೆ.

ಬೋನ್ಸಾಯ್ ಎಂಬುದು ಜಪಾನೀ ಮಾತು. 'ಬೋನ್' ಎಂದರೆ ಆಳವಿಲ್ಲದ ತಟ್ಟೆ, 'ಸಾಯ್' ಎಂದರೆ ನೆಡುವುದು. ಈ ವಿದ್ಯೆಯ ತವರು ಮಾತ್ರ ಚೀನಾ ದೇಶ. ಅಲ್ಲಿ ಟ್ಯಾಂಗ್ ವಂಶದ ರಾಜಕುಮಾರನೊಬ್ಬನಿಗಾಗಿ ಕ್ರಿ. ಶ. ೭೦೬ರಲ್ಲಿ ಸಿದ್ಧವಾದ ಗೋರಿಯ ಗೋಡೆಯ ಮೇಲೆ, ತಟ್ಟೆಯಲ್ಲಿ ಪುಟ್ಟ ಗಿಡಗಳನ್ನು ಹಿಡಿದು ನಡೆಯುವ ಪರಿಚಾರಿಕೆಯ ಚಿತ್ರವು ಇಂದಿಗೂ ಕಾಣಸಿಗುತ್ತದೆ. ಜಪಾನಿಗೆ ಹೋದ ಬಳಿಕ ಈ ಕಲೆಯು ಅಲ್ಲಿನವರ ಸ್ವಭಾವಕ್ಕನುಗುಣವಾಗಿ ಬೇರೊಂದು ರೂಪವನ್ನು ತಾಳಿತು. ಅವರಿಗೆ ಈ ಮರಗಳಲ್ಲಿರುವ ಮಮತೆಯನ್ನು ತೋರಿಸಲು 'ಹಾಚಿ ನೊ ಕಿ' ಎಂಬ ಹಳೆಯ ನೋ ನಾಟಕದ ಕಥೆಯೊಂದೇ ಸಾಕು. ಆಸ್ತಿಯನ್ನೆಲ್ಲ ಕಳೆದುಕೊಂಡ ಬಡ ಯೋಧನೊಬ್ಬನ ಗುಡಿಸಲಿಗೆ ಹಿಮ ಸುರಿಯುವ ರಾತ್ರಿಯಲ್ಲಿ ಅಲೆಮಾರಿ ಸನ್ಯಾಸಿಯೊಬ್ಬನು ಬರುತ್ತಾನೆ. ಅತಿಥಿಗೆ ಚಳಿ ಕಾಯಿಸಲು ಮನೆಯಲ್ಲಿ ಒಂದು ಕಡ್ಡಿ ಸೌದೆಯೂ ಇಲ್ಲ. ಸಿರಿ ಇದ್ದ ಕಾಲದಿಂದ ಉಳಿಸಿಕೊಂಡು ಬಂದಿದ್ದ ಮೂರು ಕುಂಡದ ಮರಗಳು ಮಾತ್ರ ಇವೆ. ಅವು ಪ್ಲಮ್, ಚೆರಿ, ಪೈನ್. ಆತನು ಮೂರನ್ನೂ ಕಡಿದು ಬೆಂಕಿಗೆ ಹಾಕುತ್ತಾನೆ. ಆ ಸನ್ಯಾಸಿಯು ನಿಜವಾಗಿ ರಾಜ್ಯವನ್ನಾಳಿದ್ದ ಹೋಜೋ ಟೋಕಿಯೋರಿ. ಮುಂದೆ ಆತನು ಮೂರು ಮರಗಳ ಹೆಸರುಳ್ಳ ಮೂರು ಜಹಗೀರುಗಳನ್ನು ಯೋಧನಿಗೆ ಕೊಡಿಸುತ್ತಾನೆ. ಜಹಗೀರು ದೊರೆತದ್ದಕ್ಕಿಂತಲೂ, ಮರಕ್ಕೆ ಕೊಡಲಿ ಎತ್ತುವ ಮೊದಲು ಅವನ ಕೈ ತಡೆದ ಆ ಕ್ಷಣವೇ ನಮ್ಮ ಹುಡುಗಿಯರಿಗೆ ಹೆಚ್ಚು ಹಿಡಿಸಿರುವುದನ್ನು ತರಗತಿಯಲ್ಲಿ ಕಂಡಿದ್ದೇವೆ.

ಇನ್ನು ಬೆಳೆಸುವ ಮಾತಿಗೆ ಮುಂಚೆ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ಮನೆಯಲ್ಲಿ ಕುಬ್ಜ ಮರವಿದ್ದರೆ ಮನೆಯ ಏಳಿಗೆಯೂ ಕುಬ್ಜವಾಗುವುದೆಂಬ ಮಾತು ಈಗ ಊರೂರಲ್ಲಿ ಹಬ್ಬಿದೆ. ಇದಕ್ಕೆ ಯಾವ ಆಧಾರವೂ ಇಲ್ಲವೆಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ, ಬೆಳೆಯಬೇಕಾದ ಮರವನ್ನು ಕತ್ತರಿಸಿ, ಕಟ್ಟಿ, ಗಿಡ್ಡಗೊಳಿಸುವುದು ಕ್ರೌರ್ಯವಲ್ಲವೇ ಎಂಬ ಎರಡನೆಯ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸಲಾಗದು. ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಈ ಪ್ರಶ್ನೆಯನ್ನೇ ಇನ್ನಷ್ಟು ಹರಿತಗೊಳಿಸಿ, ಹೆಣ್ಣುಮಕ್ಕಳನ್ನು ದೊಡ್ಡವರಾಗಿ ಬೆಳೆಸಬೇಕಾದ ಶಾಲೆಯ ಜಗಲಿಯಲ್ಲಿ ಇಂಥ ಮರಗಳು ಇರಬಹುದೇ ಎಂದು ಬರೆದಿದ್ದಳು. ಪ್ರಶ್ನೆ ನ್ಯಾಯವಾದದ್ದೇ.

ಬೋನ್ಸಾಯ್ ಮರವು ಬೇರೊಂದು ಜಾತಿಯಲ್ಲ. ಅದೇ ಆಲ, ಅದೇ ಹುಣಸೆ. ಇಂದು ಕುಂಡದಿಂದ ತೆಗೆದು ಹೊಲದಲ್ಲಿ ನೆಟ್ಟರೆ ತನ್ನ ಜಾತಿಗೆ ತಕ್ಕಂತೆ ಬೆಳೆದೀತು. ಅದನ್ನು ಅನ್ನನೀರು ಕೊಡದೆ ಕುಗ್ಗಿಸುತ್ತಾರೆಂಬುದು ತಪ್ಪು ತಿಳುವಳಿಕೆ. ಹಿಡಿಯಷ್ಟು ಮಣ್ಣಿನಲ್ಲಿ ಬದುಕುವ ಮರಕ್ಕೆ ನೆಲದ ಮರಕ್ಕಿಂತ ಹೆಚ್ಚು ಜಾಗರೂಕತೆಯಿಂದ ನೀರೂ ಗೊಬ್ಬರವೂ ಸಲ್ಲಬೇಕು. ಕತ್ತರಿಯ ಮಾತಾದರೋ, ಸವರದೆ ಬಿಟ್ಟರೆ ಚಹಾ ಗಿಡವು ಮರವಾಗಿಬಿಡುತ್ತದೆ. ಕೀಳುವವರ ಸೊಂಟದ ಎತ್ತರಕ್ಕೆ ಅದನ್ನು ವರ್ಷಾನುಗಟ್ಟಲೆ ನಿಲ್ಲಿಸಿರುವುದು ಕತ್ತಿಯೇ. ಕೊಡಗಿನ ಕಾಫಿ ಗಿಡದ ತುದಿ ಚಿವುಟಿದವರನ್ನು ಯಾರೂ ಕ್ರೂರಿಗಳೆನ್ನುವುದಿಲ್ಲ. ಬಂಡೆಯ ಸೀಳಿನಲ್ಲಿ ಗಾಳಿಗೆ ಬಗ್ಗಿ ನೂರು ವರ್ಷ ಬದುಕಿ, ಮೊಣಕಾಲೆತ್ತರಕ್ಕೆ ನಿಂತ ಮರಗಳನ್ನು ನೋಡಿಯೇ ಮನುಷ್ಯರು ಈ ವಿದ್ಯೆಯನ್ನು ಕಲಿತರು. ಆದರೆ ಹುಡುಗಿಯು ಮರವಲ್ಲ. ತನ್ನ ಎತ್ತರವೆಷ್ಟೆಂಬುದನ್ನು ನಿಶ್ಚಯಿಸುವ ಬುದ್ಧಿ ಆಕೆಗಿದೆ, ಮರಕ್ಕಿಲ್ಲ. ಆ ಪತ್ರಕ್ಕೆ ನಾವು ಬರೆದ ಉತ್ತರವು ಇಷ್ಟೇ. ಆಕೆಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆವು. ನಮ್ಮಲ್ಲಿ ಕಲಿತವಳು ಅಷ್ಟು ಬೇಗ ಒಪ್ಪಿಬಿಡಬೇಕೆಂಬ ಆಶೆಯೂ ನಮಗಿಲ್ಲ.

ಮೊದಲು ಯಾವ ಮರ? ಚಿತ್ರಗಳಲ್ಲಿ ಕಾಣುವ ಪೈನ್, ಜೂನಿಪರ್, ಮೇಪಲ್‌ಗಳ ಆಶೆಯನ್ನು ಹೊಸಬರು ಬಿಡತಕ್ಕದ್ದು. ಅವು ಚಳಿಗಾಲದಲ್ಲಿ ನಿದ್ರಿಸಿ ಬೆಳೆಯುವ ಸೀಮೆಯವು; ನಮ್ಮ ಸೆಕೆಯಲ್ಲಿ, ಅದರಲ್ಲಿಯೂ ಕೋಣೆಯ ಒಳಗೆ, ಮೆಲ್ಲಗೆ ಸಾಯುತ್ತವೆ. ಜೂನಿಪರ್ ಸತ್ತ ಬಳಿಕವೂ ವಾರಗಟ್ಟಲೆ ಹಸುರಾಗಿಯೇ ಕಾಣುವುದರಿಂದ ಕೊಂಡವರಿಗೆ ಅದು ತಿಳಿಯುವುದೂ ಇಲ್ಲ. 'ಬೋನ್ಸಾಯ್ ಬೀಜ' ಎಂದು ಪೊಟ್ಟಣ ಮಾರುವವರನ್ನು ನಂಬಬಾರದು. ಅಂಥ ಬೀಜವೇ ಇಲ್ಲ. ನಮ್ಮ ನಾಡಿನಲ್ಲಿ ತೊಡಗುವವರಿಗೆ ಆಲ, ಅರಳಿ, ಬಸರಿ, ಅತ್ತಿ ಮುಂತಾದವುಗಳ ಬಳಗವೇ ಉತ್ತಮ. ಸಸ್ಯಾಲಯಗಳಲ್ಲಿ ಫೈಕಸ್ ಎಂದು ಮಾರುವ ಸಣ್ಣೆಲೆಯ ಗಿಡಗಳು ಈ ಬಳಗದವೇ. ಹುಣಸೆ, ಕಾಗದದ ಹೂವಿನ ಬಳ್ಳಿ, ಜೇಡ್ ಗಿಡ, ಇವುಗಳೂ ಹೊಸಬರ ಕೈಯನ್ನು ತಾಳಿಕೊಳ್ಳುತ್ತವೆ. ಎಲೆಗಳು ಕಾಲಕ್ರಮದಲ್ಲಿ ಕಿರಿದಾಗುವುದುಂಟು. ಹೂವೂ ಹಣ್ಣೂ ಹಾಗೆ ಕಿರಿದಾಗವು. ಆದುದರಿಂದ ದಾಳಿಂಬೆಯನ್ನು ಬೆಳೆಸಬೇಕೆಂದಿರುವವರು ಹುಟ್ಟಿನಿಂದಲೇ ಸಣ್ಣ ಕಾಯಿ ಬಿಡುವ ಗಿಡ್ಡ ತಳಿಯನ್ನು ಕೇಳಿ ತರಬೇಕು. ಇಲ್ಲವಾದರೆ ಗೇಣುದ್ದದ ಕೊಂಬೆಗೆ ಮುಷ್ಟಿಗಾತ್ರದ ಹಣ್ಣು ತೂಗಾಡುವ ವಿನೋದವನ್ನು ನೋಡಬೇಕಾದೀತು.

ಹಣ ಕೊಡದೆಯೂ ಮರ ದೊರಕುವ ಒಂದು ಸ್ಥಳವಿದೆ. ಹಕ್ಕಿಗಳು ಹಣ್ಣು ತಿಂದು ಹಾಕಿದ ಬೀಜದಿಂದ ಹಳೆಯ ಗೋಡೆ, ತಾರಸಿಯ ಅಂಚು, ಮೋರಿಯ ಕಲ್ಲುಗಳ ಸಂದಿಯಲ್ಲಿ ಅರಳಿಯೂ ಆಲವೂ ಹುಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಬಿಟ್ಟರೆ ಅವು ಗೋಡೆಯನ್ನು ಸೀಳುತ್ತವೆ. ಇಕ್ಕಟ್ಟಿನಲ್ಲಿ ಬೆಳೆದುದರಿಂದ ಅವುಗಳ ಕಾಂಡ ದಪ್ಪವಾಗಿ ಗಂಟುಗಂಟಾಗಿ, ಬೇರುಗಳು ವಿಚಿತ್ರವಾಗಿ ಹರಡಿರುತ್ತವೆ; ಸಸ್ಯಾಲಯದ ನೆಟ್ಟಗಿನ ಗಿಡಕ್ಕೆ ಆ ರೂಪ ಬರಲು ಎಷ್ಟೋ ವರ್ಷ ಹಿಡಿದೀತು. ಮಳೆಗಾಲದ ಆರಂಭದಲ್ಲಿ, ಜೂನ್ ಜುಲೈ ತಿಂಗಳುಗಳಲ್ಲಿ, ಮನೆಯವರ ಅಪ್ಪಣೆ ಪಡೆದು, ಗಾರೆಯನ್ನು ಉಳಿಯಿಂದ ಮೆಲ್ಲನೆ ಬಿಡಿಸಿ, ಸಾಧ್ಯವಾದಷ್ಟು ಬೇರಿನೊಡನೆ ಎಬ್ಬಿಸಿರಿ. ಬೇರು ಸ್ವಲ್ಪ ಹರಿದರೂ ಈ ಜಾತಿಯವು ಚೇತರಿಸಿಕೊಳ್ಳುತ್ತವೆ. ನಮ್ಮ ಶಾಲೆಯ ಹಿಂಭಾಗದ ಗೋಡೆಯಿಂದ ಹೀಗೆ ತೆಗೆದ ಅರಳಿಯೊಂದು ಈಗ ನೋಡುವವರೆಲ್ಲರ ಮೆಚ್ಚುಗೆಗೆ ಪಾತ್ರವಾಗಿದೆ. ಆದರೆ ಕಾಡಿನಿಂದಲೂ ಬೆಟ್ಟದಿಂದಲೂ ಮುದಿ ಗಿಡಗಳನ್ನು ಕಿತ್ತು ತರುವ ಚಾಳಿಯನ್ನು ನಾವು ಒಪ್ಪುವುದಿಲ್ಲ. ಅರಣ್ಯದ ಗಿಡವನ್ನು ಕೀಳುವುದು ಕಾನೂನಿಗೆ ವಿರುದ್ಧ. ಹಾಗೆ ತಂದವುಗಳಲ್ಲಿ ಬದುಕುವವೂ ಕೆಲವೇ.

ಹೊಸದಾಗಿ ತಂದ ಗಿಡವನ್ನು ಕೂಡಲೇ ಆಳವಿಲ್ಲದ ತಟ್ಟೆಗೆ ಹಾಕುವ ಆತುರ ಬೇಡ. ತಟ್ಟೆಗೆ ಸೇರಿದ ಮೇಲೆ ಕಾಂಡವು ದಪ್ಪವಾಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮೊದಲ ಎರಡು ಮೂರು ವರ್ಷ ಅಗಲವಾದ ಮಣ್ಣಿನ ಕುಂಡದಲ್ಲಿ, ಇಲ್ಲವೆ ತೋಟದ ನೆಲದಲ್ಲಿ, ಅದು ಬಲಿಯಲಿ. ಹೊಸಬರಿಗೆ ಅತ್ಯಂತ ಕಷ್ಟವಾಗಿ ತೋರುವ ಸಲಹೆಯಿದೇ ಎಂಬುದನ್ನು ಬಲ್ಲೆವು.

ಮಣ್ಣಿನ ವಿಷಯದಲ್ಲಿ ಒಂದೇ ತತ್ವ: ನೀರು ನಿಲ್ಲಬಾರದು, ತೇವ ಉಳಿಯಬೇಕು. ಬರಿಯ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬೇರಿನ ಉಸಿರು ಕಟ್ಟಿಸುತ್ತದೆ. ಜಪಾನಿನವರು ಅಕಡಮ ಎಂಬ ಕಾಳುಕಾಳಾದ ಮಣ್ಣನ್ನು ಬಳಸುವರು. ನಮಗೆ ಇಟ್ಟಿಗೆಯ ಚೂರೇ ಸಾಕು. ಹಳೆಯ ಇಟ್ಟಿಗೆಯನ್ನು ಕುಟ್ಟಿ, ಜರಡಿಯಾಡಿ, ಪುಡಿಯನ್ನು ಚೆಲ್ಲಿ, ಜೋಳದ ಕಾಳಿನ ಗಾತ್ರದ ಚೂರುಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಅದರ ಒಂದು ಪಾಲಿಗೆ ತೊಳೆದ ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು ಬೆರೆಸಿರಿ. ಕುಂಡದ ತಳದ ತೂತುಗಳ ಮೇಲೆ ಜಾಲರಿಯ ತುಂಡನ್ನಿಟ್ಟು, ಗಿಡ ಅಲುಗಾಡದಂತೆ ತಂತಿಯಿಂದ ಬಿಗಿದು, ಬೇರುಗಳ ನಡುವೆ ಮಣ್ಣು ಇಳಿಯುವಂತೆ ಬಿದಿರು ಕಡ್ಡಿಯಿಂದ ಮೆಲ್ಲನೆ ತಿವಿಯಬೇಕು. ಬಳಿಕ ಎರಡು ಮೂರು ವಾರ ನೆರಳಿನಲ್ಲಿಡಿರಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಕೂಡದು. ಆಮೇಲೆ ತಿಂಗಳಿಗೊಮ್ಮೆ ಬೇವಿನ ಹಿಂಡಿಯನ್ನೋ ಕಡಲೆಕಾಯಿ ಹಿಂಡಿಯನ್ನೋ ಸ್ವಲ್ಪವೇ ಹಾಕಬಹುದು.

ಇನ್ನು ನೀರು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕೆಂದು ಜಪಾನಿನ ತೋಟಗಾರರು ಹೇಳುವರು, ಇದು ಉತ್ಪ್ರೇಕ್ಷೆಯಲ್ಲ. ದಿನಕ್ಕೊಂದು ಲೋಟವೆಂಬ ಲೆಕ್ಕ ಇಲ್ಲಿ ನಡೆಯದು. ಬೆರಳನ್ನು ಅರ್ಧ ಅಂಗುಲ ಮಣ್ಣಿಗಿಳಿಸಿ, ಅಲ್ಲಿ ಒಣಗಲು ತೊಡಗಿದ್ದರೆ ತಳದ ತೂತುಗಳಿಂದ ಹರಿದುಬರುವಷ್ಟು ನೀರು ಕೊಡಬೇಕು, ಹಸಿಯಾಗಿದ್ದರೆ ಬಿಡಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ಹೊತ್ತು ಬೇಕಾದೀತು, ಜಡಿಮಳೆಯಲ್ಲಿ ನಾಲ್ಕು ದಿನ ಬೇಡವಾದೀತು. ಮೇಲೆ ಮೇಲೆ ಚಿಮುಕಿಸಿ ಹೋಗುವುದರಿಂದ ಮೇಲ್ಮಣ್ಣು ಮಾತ್ರ ನೆನೆದು ಕೆಳಗಿನ ಬೇರು ಒಣಗುತ್ತದೆ. ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಬೇರು ಕೊಳೆಯುತ್ತದೆ. ನಮಗೆ ತಿಳಿದುಬಂದಂತೆ ಕೊಂಡು ತಂದ ಮರಗಳಲ್ಲಿ ಬಹುಪಾಲು ಸಾಯುವುದು ಇದರಿಂದಲೂ, ಬೈಠಕ್‌ಖಾನೆಯ ಮೇಜಿನ ಮೇಲೆ ಅಲಂಕಾರಕ್ಕಾಗಿ ಇಡುವುದರಿಂದಲೂ. ಮರವು ಮರವೇ, ಅದಕ್ಕೆ ಬೆಳಗಿನ ಬಿಸಿಲೂ ಗಾಳಿಯೂ ಬೇಕು. ಅತಿಥಿಗಳು ಬಂದ ದಿನ ಒಳಗೆ ತಂದು, ಮರುದಿನ ಹೊರಗಿಡಿರಿ.

ರೂಪ ಕೊಡುವಾಗ ಮೊದಲು ಮರವನ್ನು ಸುತ್ತಲೂ ತಿರುಗಿಸಿ ನೋಡಿ, ಬೇರುಗಳು ಚೆಲುವಾಗಿ ಹರಡಿರುವ ಬದಿಯನ್ನು ಮುಖವೆಂದು ನಿಶ್ಚಯಿಸಬೇಕು. ಕಾಂಡವು ಬುಡದಲ್ಲಿ ದಪ್ಪವಾಗಿ ಮೇಲೆ ಹೋದಂತೆ ಕಿರಿದಾಗಬೇಕು. ಮೊದಲ ಕೊಂಬೆಯು ಎತ್ತರದ ಮೂರನೆಯ ಒಂದು ಭಾಗದಲ್ಲಿದ್ದರೆ ಕಣ್ಣಿಗೆ ಹಿತ. ನೆಟ್ಟಗೆ ನಿಂತದ್ದು, ಬಾಗಿದ್ದು, ಪ್ರಪಾತದಂತೆ ಕುಂಡದ ಕೆಳಗೆ ಇಳಿಬಿದ್ದದ್ದು, ಗಾಳಿಗೆ ಒಂದೇ ಬದಿಗೆ ಸರಿದದ್ದು ಎಂದು ಹಲವು ಶೈಲಿಗಳುಂಟು. ಹೊಸಬರು ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೊಲದಂಚಿನ ಮುದಿ ಹುಣಸೆಯನ್ನು ಒಂದು ಗಳಿಗೆ ನೋಡುವುದು ಲಾಭಕರ. ಅಲ್ಯೂಮಿನಿಯಂ ತಂತಿಯನ್ನು ಸುತ್ತಿ ಕೊಂಬೆಯನ್ನು ಬಗ್ಗಿಸುವುದುಂಟು. ತಂತಿಯ ದಪ್ಪವು ಕೊಂಬೆಯ ಮೂರನೆಯ ಒಂದರಷ್ಟಿದ್ದರೆ ಸರಿ. ಬಳಗದ ಮರಗಳು ವೇಗವಾಗಿ ಬೆಳೆಯುವುದರಿಂದ ತಂತಿಯು ತೊಗಟೆಯನ್ನು ಕಚ್ಚುವ ಮೊದಲೇ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ತಂತಿಯ ಗೋಜು ಬೇಡವೆನ್ನುವವರಿಗೆ ದಕ್ಷಿಣ ಚೀನಾದ ಲಿಂಗ್‌ನಾನ್ ಪದ್ಧತಿಯಿದೆ. ಕೊಂಬೆಯನ್ನು ಸ್ವೇಚ್ಛೆಯಾಗಿ ಬೆಳೆಯಬಿಟ್ಟು, ಬೇಕಾದ ದಿಕ್ಕಿನ ಮೊಗ್ಗಿನ ಮೇಲೆ ಕತ್ತರಿಸಿ, ಅದರಿಂದ ಹೊರಟ ಚಿಗುರನ್ನು ಮತ್ತೆ ಬೆಳೆಸುವುದು. ಅಡಿಗೆಮನೆಯ ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಇದೇ ಹೆಚ್ಚು ಅನುಕೂಲವೆಂದು ನಮ್ಮ ಅಭಿಪ್ರಾಯ. ಆಲದ ಜಾತಿಯವನ್ನು ಕತ್ತರಿಸಿದಾಗ ಸುರಿಯುವ ಹಾಲು ಚರ್ಮಕ್ಕೆ ಉರಿ ತರಬಹುದು. ಒದ್ದೆ ಬಟ್ಟೆಯಿಂದ ಒರಸಿ, ಕೈ ತೊಳೆಯದೆ ಕಣ್ಣು ಮುಟ್ಟಬಾರದು.

ತಟ್ಟೆಗೇರಿದ ಮರವನ್ನು ಎರಡು ವರ್ಷಕ್ಕೊಮ್ಮೆಯಾದರೂ ಮಳೆಗೆ ಮೊದಲು ಕಿತ್ತು, ಸುತ್ತಿಕೊಂಡ ಬೇರುಗಳಲ್ಲಿ ಮೂರನೆಯ ಒಂದರಷ್ಟನ್ನು ಕತ್ತರಿಸಿ, ಹೊಸ ಮಣ್ಣು ತುಂಬಬೇಕು. ಹೀಗೆ ಬೇರು ಹೊಸದಾಗುತ್ತಿರುವುದರಿಂದಲೇ ಇವು ತಲೆಮಾರುಗಳ ಕಾಲ ಬದುಕುತ್ತವೆ. ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ೧೬೨೫ರಿಂದ ಕುಂಡದಲ್ಲಿ ಬೆಳೆದು ಬಂದ ಬಿಳಿ ಪೈನ್ ಮರವೊಂದಿದೆ. ೧೯೪೫ರ ಆಗಸ್ಟ್ ೬ರಂದು ಹಿರೋಷಿಮಾದಲ್ಲಿ ಬಾಂಬು ಬಿದ್ದಾಗ ಅದು ಯಾಮಾಕಿ ಕುಟುಂಬದ ತೋಟದ ಗೋಡೆಯ ಮರೆಯಲ್ಲಿ, ಮೂರು ಕಿಲೋಮೀಟರಿನಷ್ಟು ದೂರದಲ್ಲಿತ್ತು; ಉಳಿಯಿತು. ೧೯೭೬ರಲ್ಲಿ ಮಸಾರು ಯಾಮಾಕಿಯವರು ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು. ಅದು ಬಾಂಬಿನಿಂದ ಪಾರಾದ ಮರವೆಂಬ ಸಂಗತಿಯು ೨೦೦೧ರಲ್ಲಿ ಅವರ ಮೊಮ್ಮಕ್ಕಳು ನೋಡಲು ಬಂದಾಗಲೇ ಅಲ್ಲಿನವರಿಗೆ ತಿಳಿಯಿತು. ಇಪ್ಪತ್ತೈದು ವರ್ಷ ಅದಕ್ಕೆ ನೀರೆರೆದವರು ಕೈಯಲ್ಲಿ ಏನಿದೆಯೆಂದು ಅರಿಯದೆಯೇ ಎರೆದಿದ್ದರು. ಅಷ್ಟು ದೂರ ಹೋಗಲಾಗದವರು ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನದಲ್ಲಿಯೂ ನಮ್ಮ ನೆಲದ ಮರಗಳನ್ನೇ ಕುಂಡಗಳಲ್ಲಿ ನೋಡಬಹುದು. ಮರ ಕೊಳ್ಳುವ ಮೊದಲು ಒಮ್ಮೆ ಹೋಗಿ ನೋಡಿ ಬಂದರೆ ಒಳ್ಳೆಯದು.

ಕೊನೆಗೊಂದು ಸೂಚನೆ, ಬೇಸಿಗೆ ರಜೆಯಲ್ಲಿ ತವರಿಗೆ ಹೋಗುವವರಿಗಾಗಿ. ಎರಡು ಮೂರು ದಿನಗಳಾದರೆ ಕುಂಡವನ್ನು ಗಾಳಿ ಕಡಿಮೆಯಿರುವ ನೆರಳಿನಲ್ಲಿ, ಒದ್ದೆ ಮರಳು ತುಂಬಿದ ಅಗಲವಾದ ಬೋಗುಣಿಯ ಮೇಲೆ ಇಟ್ಟು ಹೋಗಬಹುದು. ಅದಕ್ಕಿಂತ ಹೆಚ್ಚಾದರೆ ನೆರೆಮನೆಯವರಿಗೆ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ಒಂದು ವಾರ ಅವರಿಂದಲೇ ಬೆರಳಿಟ್ಟು ನೋಡಿಸಿ, ನೀರು ಹಾಕಿಸಿ, ರೂಢಿ ಮಾಡಿಸಿರಿ. ಮನೆಯ ಹತ್ತು ಹನ್ನೆರಡು ವರ್ಷದ ಮಕ್ಕಳು ಹಿಂದುಳಿಯುವುದಾದರೆ ನೆರೆಯವರಿಗಿಂತ ಅವರೇ ವಾಸಿ.