ಏರು ಹತ್ತಲು ಟ್ರ್ಯಾಕ್ಟರೋ, ಪಿಕಪ್ಪೋ?

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಸುತ್ತಿನ ಸೀಮೆ ಮೇಲ್ನೋಟಕ್ಕೆ ಬಯಲು. ಚಾರ್ಮಾಡಿ, ಆಗುಂಬೆಗಳಂತಹ ಘಟ್ಟಗಳು ಇಲ್ಲಿಲ್ಲ. ಆದರೂ ಹೊಲದಿಂದ ಮಾಲು ಹೊರತರುವ ರೈತನಿಗೆ ಏರಿನ ಕಷ್ಟ ತಪ್ಪಿದ್ದಲ್ಲ. ಎರೆ ಹೊಲದ ದಾರಿ ಹಳ್ಳಕ್ಕೆ ಇಳಿದು ಆಚೆ ದಂಡೆಗೆ ಏರಬೇಕು. ಪಕ್ಕದ ಸಿಂಧನೂರು ಕಡೆಗೆ ಹೋದರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರು ವಿತರಣಾ ಕಾಲುವೆಯ ಒಡ್ಡನ್ನು ದಾಟದೆ ರಸ್ತೆ ಕಾಣುವಂತಿಲ್ಲ. ಈ ಏರುಗಳ ಉದ್ದ ಹತ್ತಿಪ್ಪತ್ತು ಮಾರು ಮಾತ್ರ. ಆದರೆ ಬಲು ಕಡಿದು. ಟ್ರೇಲರ್ ಹಿಂದಕ್ಕೆ ಜಾರುವುದು, ಟ್ರ್ಯಾಕ್ಟರ್ ಮುಂಗಾಲೆತ್ತುವುದು, ಮಗುಚಿ ಜೀವಹಾನಿಯಾಗುವುದು ಬಹುಪಾಲು ಇಂತಹ ಜಾಗಗಳಲ್ಲಿಯೇ.

ಈಚಿನ ವರ್ಷಗಳಲ್ಲಿ ಡೀಸೆಲ್ ಪಿಕಪ್ ಗಾಡಿಗಳು ಹಳ್ಳಿ ಹಳ್ಳಿಗೂ ಬಂದಿವೆ. ಟ್ರ್ಯಾಕ್ಟರಿಗಿಂತ ಎಂಜಿನ್ ಬಲ ಹೆಚ್ಚು, ಓಟ ಜೋರು. ಆದ್ದರಿಂದ ಹೊಲದ ಸಾಗಾಣಿಕೆಗೂ ಅದನ್ನೇ ಕೊಂಡರೆ ಹೇಗೆ ಎಂದು ಅನೇಕ ರೈತರು ಕೇಳುತ್ತಾರೆ. ಕಾಗದದ ಮೇಲೆ ನೋಡಿದರೆ ಅವರ ಮಾತು ನಿಜ. ಟಾಟಾ ಯೋಧದ 2.2 ಲೀಟರ್ ಎಂಜಿನ್ 100 ಅಶ್ವಶಕ್ತಿಯದು. ಮಹೀಂದ್ರ 575 ಟ್ರ್ಯಾಕ್ಟರಿನದು 45ರ ಆಸುಪಾಸು. ಹಾಗಾದರೆ ಪಿಕಪ್ ಎರಡು ಪಟ್ಟು ಎಳೆಯಬೇಕಲ್ಲವೆ? ಎಳೆಯುವುದಿಲ್ಲ. ಅದಕ್ಕೆ ಕಾರಣವನ್ನು ನಮ್ಮ ಚಕ್ಕಡಿ ಹೊಡೆಯುವ ಹಿರಿಯರು ಚೆನ್ನಾಗಿ ಬಲ್ಲರು. ಹಳ್ಳದ ಏರಿನಲ್ಲಿ ಚಕ್ಕಡಿ ಹೊಡೆಯುವವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕೂರುತ್ತಾನೆ. ನೊಗದ ಮೇಲೆ ಭಾರ ಬಿದ್ದರೆ ಎತ್ತುಗಳ ಕಾಲು ನೆಲ ಕಚ್ಚುತ್ತವೆ. ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ. ಎತ್ತಿನ ಕಸುವು ಎರಡೂ ಸಲ ಅಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ. 75 ಕಿಲೋದ ಭತ್ತದ ಚೀಲ 60 ಹೇರಿದರೆ 4,500 ಕಿಲೋ. ಬರಿಯ ಟ್ರೇಲರ್ 1,500, ಟ್ರ್ಯಾಕ್ಟರ್ 2,000. ಒಟ್ಟು 8 ಟನ್. ಗಟ್ಟಿಯಾದ ಮಣ್ಣಿನ ದಾರಿಯಲ್ಲಿ ಗಾಲಿ ಉರುಳುವುದಕ್ಕೇ ಟನ್ನಿಗೆ ಸುಮಾರು 50 ಕಿಲೋ ಎಳೆತ ಬೇಕು, ಅಂದರೆ 400 ಕಿಲೋ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಾದರೆ ಒಟ್ಟು ಭಾರದ ಹತ್ತನೆಯ ಒಂದು ಪಾಲು, ಎಂದರೆ 800 ಕಿಲೋ ಇದಕ್ಕೆ ಕೂಡುತ್ತದೆ. ಒಟ್ಟು 1,200 ಕಿಲೋ. ಇಷ್ಟನ್ನು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಎಳೆಯಲು ಬೇಕಾದ ಶಕ್ತಿ ಸುಮಾರು 18 ಅಶ್ವಶಕ್ತಿ ಮಾತ್ರ. 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಅದು ಅರ್ಧವೂ ಅಲ್ಲ!

ಕೊರತೆ ಬೀಳುವುದು ಗಾಲಿಯ ಹಿಡಿತದಲ್ಲಿ. ಎರಡು ಟನ್ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಇರುವ ಭಾರ ಸುಮಾರು 1,300 ಕಿಲೋ. ಎರಡು ಗಾಲಿಯ ಟ್ರೇಲರಿಗೆ ಹೇರು ಸರಿಯಾಗಿ ಹಾಕಿದ್ದರೆ ಅದರ ಮೂಕಿಯಿಂದ ಇನ್ನೊಂದು 600 ಕಿಲೋ ಬರಬಹುದು. ಒಣಗಿದ ಗಟ್ಟಿ ನೆಲ ಈ ಭಾರದ ಹತ್ತರಲ್ಲಿ ಆರು ಪಾಲಿನಷ್ಟು ಎಳೆತವನ್ನು ಕೊಡುತ್ತದೆ: 1,140 ಕಿಲೋ. ಎಳೆಯುವಾಗ ಮುಂಗಾಲಿಯ ಭಾರ ತುಸು ಹಿಂದಕ್ಕೆ ಸರಿಯುವುದರಿಂದ ಹೇಗೋ ಏರು ಹತ್ತೀತು. ಅದೇ ಎರೆಮಣ್ಣು ಒಂದು ಮಳೆಗೆ ತೊಯ್ದರೆ ಹಿಡಿತ ಹತ್ತರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಆಗ 60 ಚೀಲ ಹಾಗಿರಲಿ, 30 ಚೀಲವೂ ಹತ್ತುವುದಿಲ್ಲ. ಇಂತಹ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಗುಂಡಿ ತೋಡುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹೋಗದು.

ಈಗ ಪಿಕಪ್ಪಿಗೆ ಬರೋಣ. ಅದರ ಗುಣ ಬೇರೆ. ಅದು ಹೇರನ್ನು ಎಳೆಯುವುದಿಲ್ಲ, ಹೊರುತ್ತದೆ. 20 ಚೀಲ, ಅಂದರೆ ಒಂದೂವರೆ ಟನ್ ಹೇರಿದರೆ ಆ ಭಾರದ ಹೆಚ್ಚು ಪಾಲು ಎಳೆಯುವ ಹಿಂಗಾಲಿಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಒಣ ದಾರಿಯಲ್ಲಿ ಹೇರು ಹೊತ್ತ ಪಿಕಪ್ ಏರನ್ನು ಲೀಲಾಜಾಲವಾಗಿ ಹತ್ತುತ್ತದೆ. ಖಾಲಿ ಪಿಕಪ್ಪೇ ಅದೇ ಏರಿನಲ್ಲಿ ಗಾಲಿ ತಿರುಗಿಸುತ್ತ ನಿಲ್ಲುವುದುಂಟು. ಬೊಲೆರೊ ಪಿಕಪ್, ಯೋಧ, ಅಶೋಕ್ ಲೇಲ್ಯಾಂಡಿನ ದೋಸ್ತ್, ಎಲ್ಲವೂ ಹೊರುವುದಕ್ಕೆಂದು ತಯಾರಾದವು. ಎರಡು ಟನ್ ಹೊರುವ ಯೋಧ 2022ರಲ್ಲಿ ಬಂದಿತು. ಅದಕ್ಕಿಂತ ಹೆಚ್ಚು ಹೇರಿದರೆ ಏರಿಗಿಂತ ಮೊದಲು ಪಾಟಾ ಮತ್ತು ಟೈರು ಸೋಲುತ್ತವೆ.

ಇವುಗಳ ಹಿಂದೆ ಟ್ರೇಲರ್ ಕಟ್ಟುವ ಯೋಚನೆಯನ್ನು ಮಾತ್ರ ಬಿಡುವುದು ಹಿತ. ಪಿಕಪ್ಪಿನ ಒಂದನೇ ಗೇರು ಕೂಡ ಕಡಿದಾದ ಏರಿಗೆ ವೇಗದ್ದೇ. ನಿಂತಲ್ಲಿಂದ ಭಾರ ಎಬ್ಬಿಸಲು ಚಾಲಕ ಅರ್ಧ ಕ್ಲಚ್ಚಿನಲ್ಲಿ ಹಿಡಿಯುತ್ತಾನೆ. ನಾಲ್ಕು ಸಲ ಹಾಗೆ ಮಾಡಿದರೆ ಸುಟ್ಟ ವಾಸನೆ ಬರುತ್ತದೆ. ಟ್ರ್ಯಾಕ್ಟರಿನ ಲೋ ಗೇರಿನಲ್ಲಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ, ಕ್ಲಚ್ ಪೂರ್ತಿ ಬಿಟ್ಟು ಹೋಗಬಹುದು. ಏರಿಗೆ ಬೇಕಾದದ್ದು ಈ ನಿಧಾನವೇ.

ಪಿಕಪ್ ಹಿಂದೆ ಟ್ರೇಲರ್ ಕಟ್ಟಿ ಬೆಟ್ಟ ಹತ್ತಿಸುವುದು ಅಮೆರಿಕದಲ್ಲಿ ದಿನನಿತ್ಯದ ಮಾತು. ಅಲ್ಲಿನ ಫೋರ್ಡ್, ಷೆವರ್ಲೆ, ರಾಮ್ ಕಂಪನಿಗಳ ಭಾರಿ ಪಿಕಪ್ಪುಗಳ ಡೀಸೆಲ್ ಎಂಜಿನ್ 6.6, 6.7 ಲೀಟರಿನವು, ನಮ್ಮವುಗಳ ಎರಡೂವರೆ, ಮೂರು ಪಟ್ಟು. ಎಳೆಯುವ ಸಾಮರ್ಥ್ಯವನ್ನು ಅರಿಝೋನಾ ರಾಜ್ಯದ ಡೇವಿಸ್ ಡ್ಯಾಂ ಬಳಿಯ ಉದ್ದನೆಯ ಏರಿನಲ್ಲಿ ಓಡಿಸಿ ಪರೀಕ್ಷಿಸುವ ಕ್ರಮವಿದೆ. ಇನ್ನೊಂದು ಪರೀಕ್ಷೆ ನಮಗೂ ಉಪಯುಕ್ತ: ನೂರಕ್ಕೆ 12 ಅಡಿ ಏರುವ ಇಳಿಜಾರಿನಲ್ಲಿ ಹೇರಿನೊಡನೆ ನಿಲ್ಲಿಸಿ, ಐದು ನಿಮಿಷದೊಳಗೆ ಐದು ಸಲ ನಿಂತಲ್ಲಿಂದ ಎಬ್ಬಿಸಬೇಕು. ನಮ್ಮ ಕಾಲುವೆ ಒಡ್ಡಿನ ದಾರಿಗಳಲ್ಲಿ ಅದಕ್ಕಿಂತ ಕಡಿದಾದವು ಬೇಕಾದಷ್ಟಿವೆ.

ನಿಮ್ಮ ಹಳ್ಳದ ಏರು ಎಷ್ಟೆಂದು ಅಳೆಯುವುದು ಸುಲಭ. ಹತ್ತು ಅಡಿಯ ನೆಟ್ಟನೆ ಪಟ್ಟಿಯ ಒಂದು ತುದಿಯನ್ನು ಏರಿನ ಮೇಲ್ಭಾಗದಲ್ಲಿ ಊರಿ, ಗೌಂಡಿಯ ಮಟ್ಟದ ಕೊಳವೆಯಿಂದ ಸಮಮಟ್ಟಕ್ಕೆ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಒಂದು ಅಡಿ ಅಂತರವಿದ್ದರೆ ಹತ್ತಕ್ಕೆ ಒಂದು. ಎರಡು ಅಡಿ ಇದ್ದರೆ ಐದಕ್ಕೆ ಒಂದು. ಐದಕ್ಕೆ ಒಂದರ ಏರಿನಲ್ಲಿ 60 ಚೀಲದ ಟ್ರೇಲರಿಗೆ 2,000 ಕಿಲೋ ಎಳೆತ ಬೇಕು. ಎರಡು ಟನ್ ಟ್ರ್ಯಾಕ್ಟರಿನಿಂದ ಅದು ಆಗದ ಮಾತು. ಆರು ಅಡಿ ಎತ್ತರದ ದಂಡೆಗೆ 30 ಅಡಿಯ ದಾರಿ ಇದ್ದರೆ ಅದನ್ನು 60 ಅಡಿಗೆ ಚಾಚಿ, ಗರಸು ಹಾಕಿ ಬಡಿಸಿಬಿಟ್ಟರೆ ಏರು ಅರ್ಧಕ್ಕೆ ಇಳಿಯುತ್ತದೆ. ನಾಲ್ಕಾರು ರೈತರು ಕೂಡಿ ಬೇಸಿಗೆಯಲ್ಲಿ ಮಾಡಬಹುದಾದ ಕೆಲಸವಿದು; ಹೊಸ ಟ್ರ್ಯಾಕ್ಟರಿನ ಸಾಲಕ್ಕೆ ಹೋಲಿಸಿದರೆ ಖರ್ಚು ಏನೂ ಅಲ್ಲ. ಕಾಲುವೆಯ ಒಡ್ಡಾದರೆ ನೀರಾವರಿ ಇಲಾಖೆಯ ಒಪ್ಪಿಗೆ ಪಡೆಯತಕ್ಕದ್ದು.

ಇರುವ ಟ್ರ್ಯಾಕ್ಟರಿನ ಹಿಡಿತ ಹೆಚ್ಚಿಸಲು ಹಿಂದಿನ ಟೈರುಗಳಿಗೆ ಮುಕ್ಕಾಲು ಪಾಲು ನೀರು ತುಂಬಿಸಬಹುದು. ಟೈರಿನ ಅಳತೆಗೆ ಅನುಸಾರವಾಗಿ ಎರಡೂ ಸೇರಿ ಸುಮಾರು 300ರಿಂದ 400 ಕಿಲೋ ಭಾರ ಸಿಗುತ್ತದೆ. ಭತ್ತದ ಗದ್ದೆಯಲ್ಲಿ ಕೆಸರು ಮಾಡುವ ಮೊದಲು ಈ ನೀರನ್ನು ತೆಗೆಯಬೇಕು, ಇಲ್ಲವಾದರೆ ಟ್ರ್ಯಾಕ್ಟರ್ ಹೂಳುತ್ತದೆ. ಚೀಲಗಳನ್ನು ಟ್ರೇಲರಿನ ಹಿಂಬದಿಗೆ ಪೇರಿಸುವ ರೂಢಿ ಕೆಟ್ಟದ್ದು. ಮೂಕಿ ಹಗುರವಾಗಿ ಹಿಂಗಾಲಿಯ ಹಿಡಿತ ಹೋಗುತ್ತದೆ.

ಟ್ರೇಲರನ್ನು ಕಟ್ಟಬೇಕಾದದ್ದು ಕೆಳಗಿನ ಕೊಂಡಿಗೆ ಮಾತ್ರ. ಹುಗಿದ ಗಾಡಿಯನ್ನು ಎಳೆಯಲು ಸರಪಳಿಯನ್ನು ಟಾಪ್ ಲಿಂಕಿಗೋ, ಹಿಂದಿನ ಆಕ್ಸಲಿಗೋ ಬಿಗಿಯುವವರನ್ನು ಕಂಡಾಗ ಎದೆ ನಡುಗುತ್ತದೆ. ಎಳೆತ ಮೇಲಿನಿಂದ ಬಿದ್ದರೆ ಮುಂಗಾಲಿ ಎದ್ದು, ಒಂದು ಸೆಕೆಂಡಿನೊಳಗೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಹಂತಕ್ಕೆ ಬರುತ್ತದೆ. ಕ್ಲಚ್ ಒತ್ತುವಷ್ಟೂ ಹೊತ್ತು ಸಿಗದು.

ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಹತ್ತುವಾಗ ಎಳೆತ ಬೇಡಿದ್ದ ಆ ಟ್ರೇಲರೇ ಈಗ ಹಿಂದಿನಿಂದ ನೂಕುತ್ತದೆ. ನಮ್ಮಲ್ಲಿ ಬಹಳಷ್ಟು ಎರಡು ಗಾಲಿ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡಿ ಇಳಿಸುವುದು ಪ್ರಾಣಕ್ಕೆ ಎರವು. ಯಾವ ಗೇರಿನಲ್ಲಿ ಹತ್ತಬಲ್ಲಿರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರನ್ನು ಇಳಿಜಾರಿಗೆ ಮೊದಲೇ ಹಾಕಿರಿ. ಹೊಲದಲ್ಲಿ ತಿರುವಿಗಾಗಿ ಬೇರ್ಪಡಿಸಿದ ಎರಡು ಬ್ರೇಕ್ ಪೆಡಲುಗಳನ್ನು ದಾರಿಗೆ ಬರುವ ಮುಂಚೆ ಕೊಂಡಿ ಹಾಕಿ ಜೋಡಿಸಿರಿ. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರೇಲರ್ ಅಡ್ಡ ತಿರುಗಿ ಟ್ರ್ಯಾಕ್ಟರನ್ನೇ ಕೆಡವುತ್ತದೆ. ಹತ್ತಿ ಬಿಡಿಸಿ ಬರುವ ಹೆಣ್ಣುಮಕ್ಕಳನ್ನು ಹೇರಿನ ಮೇಲೆ, ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಒಡ್ಡು ದಾಟುವುದು ಕಾನೂನಿಗೂ ವಿರುದ್ಧ. ಒಡ್ಡಿನ ಈಚೆಗೆ ಇಳಿಸಿ, ನಡೆದು ದಾಟಿಸಿ, ಆಚೆಗೆ ಮತ್ತೆ ಟ್ರೇಲರಿಗೆ ಹತ್ತಿಸಿದರೂ ಆಗದು. ಕೂಲಿಯವರಿಗೆ ಆಟೋ ಅಥವಾ ಜೀಪು ಮಾಡಿಸಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹೊಲಕ್ಕೆ ವರ್ಷವಿಡೀ ಗಟ್ಟಿ ದಾರಿಯಿದ್ದು, ಸಿಂಧನೂರು, ರಾಯಚೂರು ಮಾರುಕಟ್ಟೆಗಳಿಗೆ ಮೇಲಿಂದ ಮೇಲೆ ತರಕಾರಿಯನ್ನೋ ಹತ್ತಿಯನ್ನೋ ಒಯ್ಯುವವರಿಗೆ ಪಿಕಪ್ ಲಾಭಕರ. ಹಳ್ಳ, ಒಡ್ಡು ದಾಟಿ ತರಬೇಕಾದವರು ಟ್ರ್ಯಾಕ್ಟರನ್ನೇ ನಂಬಿ, ಹೇರನ್ನು 30 ಚೀಲಕ್ಕೆ ಇಳಿಸಿ ಎರಡು ಸರದಿ ಮಾಡುವುದು ಮೇಲು. ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಯ ವರದಿಯನ್ನು ಡೀಲರಿನ ಬಳಿ ಕೇಳಿರಿ. ಅಶ್ವಶಕ್ತಿಯ ಜೊತೆಗೆ ಕೊಂಡಿಯ ಎಳೆತ ಎಷ್ಟು ಕಿಲೋ, ಹೆಚ್ಚುವರಿ ಭಾರ ಹಾಕಿದಾಗ ಎಷ್ಟು, ಹಾಕದಿದ್ದಾಗ ಎಷ್ಟು ಎಂಬ ಅಂಕಿ ಅದರಲ್ಲಿರುತ್ತದೆ.

ಹಳೆಯ ಪಿಕಪ್ ಕೊಳ್ಳುವವರು ರಸ್ತೆಯ ಮೇಲೆ ಓಡಿಸಿ ನೋಡಿ ಮುಂಗಡ ಕೊಡಬಾರದು. 20 ಚೀಲ ಹೇರಿಸಿ ನಿಮ್ಮದೇ ಹೊಲದ ಏರಿಗೆ ತರಿಸಿರಿ. ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ನಡು ಏರಿನಲ್ಲಿ ನಿಲ್ಲಿಸಿ ಐದು ಸಲ ಎಬ್ಬಿಸಿರಿ. ಕ್ಲಚ್ಚು ವಾಸನೆ ಬಾರದೆ, ಹ್ಯಾಂಡ್ ಬ್ರೇಕ್ ಜಾರದೆ ನಿಂತರೆ ಆಮೇಲೆ ಬೆಲೆಯ ಮಾತು.