ಸಮ್ಮತಿಯ ವಿಚ್ಛೇದನದಲ್ಲಿ ಮನೆ ಯಾರ ಪಾಲಿಗೆ?

ಕ್ರೌರ್ಯದ ಅಥವಾ ವ್ಯಭಿಚಾರದ ಆಪಾದನೆಯನ್ನು ಒಬ್ಬರ ಮೇಲೊಬ್ಬರು ಹೊರಿಸದೆ ಗಂಡಹೆಂಡಿರಿಬ್ಬರೂ ಒಮ್ಮತದಿಂದ ಅಗಲುವ ಮಾರ್ಗವನ್ನು, 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಕಲಮು ತೆರೆಯಿತು. ಒಂದು ವರ್ಷವಾದರೂ ಪ್ರತ್ಯೇಕವಾಗಿದ್ದು, ಜಂಟಿ ಅರ್ಜಿ ಸಲ್ಲಿಸಿ, ಆರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಸಮ್ಮತಿಯನ್ನು ತಿಳಿಸಬೇಕು. ಈ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಮನೆಯ ಮಾನವನ್ನು ಬೀದಿಗೆ ತಾರದ ಈ ಏರ್ಪಾಡು ನಿಸ್ಸಂದೇಹವಾಗಿ ಸ್ತುತ್ಯವಾದುದು. ಆದರೆ ಸಂಬಂಧವನ್ನು ಇಷ್ಟು ಸೌಮ್ಯವಾಗಿ ಬಿಡಿಸುವ ಕಾಯಿದೆಯು, ಸಂಸಾರದಲ್ಲಿ ಕೂಡಿಬಂದ ಆಸ್ತಿಯ ವಿಭಾಗಕ್ಕೆ ಯಾವ ನಿಯಮವನ್ನೂ ವಿಧಿಸಿಲ್ಲ.

27ನೆಯ ಕಲಮು ವಿವಾಹಕಾಲದಲ್ಲಿ ಇಬ್ಬರಿಗೂ ಸೇರಿದಂತೆ ಬಂದ ಉಡುಗೊರೆಗಳ ಮಾತನ್ನಷ್ಟೇ ಆಡುತ್ತದೆ. ಸ್ತ್ರೀಧನವು ಹೆಂಡತಿಯದೇ, ಒಡವೆ ಗಂಡನ ವಶದಲ್ಲಿದ್ದ ಮಾತ್ರಕ್ಕೆ ಅವನು ಅದರ ಒಡೆಯನಾಗನೆಂಬುದು 1985ರಲ್ಲೇ ನಿರ್ಣಯವಾಗಿದೆ. ಮಿಕ್ಕದ್ದು ಸಾಮಾನ್ಯವಾಗಿ ಕಾಗದದಲ್ಲಿ ಹೆಸರಿರುವವರದು.

ಬೆಂಗಳೂರಿನ ಒಂದು ಸಾಧಾರಣ ಸಂಸಾರವನ್ನು ಊಹಿಸಿಕೊಳ್ಳೋಣ. ಮನೆಯ ಕ್ರಯಪತ್ರ ಗಂಡನ ಹೆಸರಿನಲ್ಲಿದೆ, ಸಾಲದ ಕಂತು ಅವನ ಖಾತೆಯಿಂದ ಹೋಗುತ್ತದೆ. ಹೆಂಡತಿಯ ಸಂಬಳವೋ ದಿನಸಿಗೆ, ಹಾಲಿಗೆ, ಮಗುವಿನ ಶಾಲೆಗೆ, ಅತ್ತೆಯ ಔಷಧಕ್ಕೆ ವ್ಯಯವಾಗುತ್ತದೆ. ಅವಳು ಆ ಖರ್ಚನ್ನು ಹೊತ್ತುದರಿಂದಲೇ ಅವನು ಕಂತು ಕಟ್ಟಬಲ್ಲವನಾದನು. ಆದರೂ ಪಾಸ್‌ಬುಕ್ಕಿನಲ್ಲಿ ಕಾಣುವುದು ಅವನ ದುಡಿಮೆ ಮಾತ್ರ. ಸಂಬಳವೇ ಇಲ್ಲದ ಗೃಹಿಣಿಯ ಸ್ಥಿತಿ ಇನ್ನೂ ಕಷ್ಟ. ಇದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಗೃಹಕೃತ್ಯವೂ ಆಸ್ತಿಸಂಪಾದನೆಗೆ ನೆರವೇ ಎಂದು ಮದರಾಸು ಹೈಕೋರ್ಟು 2023ರಲ್ಲಿ ಎತ್ತಿಹಿಡಿದದ್ದು ಸಮಾಧಾನದ ಸಂಗತಿ.

ನೆರೆಯ ಗೋವೆಯಲ್ಲಿ, 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪರಂಪರೆಯಂತೆ, ವಿವಾಹಪೂರ್ವದಲ್ಲಿ ಬೇರೆ ಕರಾರಾಗದಿದ್ದರೆ ದಂಪತಿಗಳ ಆಸ್ತಿ ಒಂದುಗೂಡಿ ಇಬ್ಬರಿಗೂ ಅರ್ಧರ್ಧ ಹಕ್ಕಿರುತ್ತದೆ. ಗಡಿಯ ಈಚೆ, ಕಾರವಾರದ ಗೃಹಿಣಿಗೆ ಆ ಭರವಸೆಯಿಲ್ಲ.

ಆದುದರಿಂದ ಜಂಟಿ ಅರ್ಜಿಯ ಷರತ್ತುಗಳೇ ನಮ್ಮಲ್ಲಿ ಸರ್ವಸ್ವ. ಒಡವೆಗಳ ಪಟ್ಟಿ, ಶಾಶ್ವತ ಜೀವನಾಂಶದ ಮೊತ್ತ, ಹಣ ಸಂದಾಯದ ದಿನಾಂಕ, ಮಗುವಿನ ಖರ್ಚು, ಮನೆಯ ಹಕ್ಕನ್ನು ಬಿಟ್ಟುಕೊಡುವ ಪತ್ರದ ನೋಂದಣಿ, ಇವೆಲ್ಲ ಬಾಯಿಮಾತಿನಲ್ಲಿ ಉಳಿಯದೆ ಬರವಣಿಗೆಗೆ ಬರಬೇಕು. ಸಾಲದ ವಿಷಯದಲ್ಲಂತೂ ವಿಶೇಷ ಎಚ್ಚರ ಅವಶ್ಯ: ಜಂಟಿ ಸಾಲಕ್ಕೆ ರುಜು ಹಾಕಿದ ಹೆಂಡತಿಯನ್ನು ವಿಚ್ಛೇದನದ ಡಿಕ್ರಿಯೊಂದೇ ಋಣಮುಕ್ತಳನ್ನಾಗಿ ಮಾಡದು, ಬ್ಯಾಂಕು ಲಿಖಿತವಾಗಿ ಒಪ್ಪಿ ಅವಳ ಹೆಸರನ್ನು ತೆಗೆಯುವವರೆಗೆ, ತಾನು ಬಿಟ್ಟುಬಂದ ಮನೆಯ ಕಂತಿಗೂ ಅವಳು ಬಾಧ್ಯಳು.