ಗಾಡಿಯೇ ಮನೆ, ನದಿಯೇ ದಾರಿ

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಊರಿನ ಮಕ್ಕಳು ಬೇಸಿಗೆ ರಜೆಯಲ್ಲಿ ಮನೆಗೆ ಕಳುಹಿಸುವ ಫೋಟೋಗಳನ್ನು ಗಮನಿಸಿದ್ದೀರಾ? ಒಂದು ಎತ್ತರದ ವ್ಯಾನ್, ಬದಿಯಲ್ಲಿ ಮಡಚುವ ಕುರ್ಚಿ, ಹಿಂದೆ ಅಗಲವಾದ ಹೊಳೆ. "ಇವರಿಗೆ ಹೋಟೆಲ್ ಸಿಗಲಿಲ್ಲವಾ?" ಅಂತ ಮನೆಯ ಹಿರಿಯರು ಕೇಳುವುದುಂಟು. ಅವರು ಹೋಟೆಲ್ ಬೇಡವೆಂದೇ ಹೊರಟವರು. ಆ ಗಾಡಿಗೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಅದನ್ನು ಬಾಡಿಗೆಗೆ ಪಡೆದು, ನದಿ ದಡದ ಸರಕಾರಿ ಉದ್ಯಾನಗಳಲ್ಲಿ ರಾತ್ರಿ ತಂಗುತ್ತಾ ಊರೂರು ಸುತ್ತುವುದು ಅಲ್ಲಿ ಬಹಳ ಕುಟುಂಬಗಳ ರೂಢಿ.

ವ್ಯಾನಿನೊಳಗೆ ಎಂತ ಇರುತ್ತದೆ? ಹಗಲಿನ ಸೀಟು ರಾತ್ರಿ ಹಾಸಿಗೆಯಾಗುತ್ತದೆ. ಸಣ್ಣ ಒಲೆ, ಫ್ರಿಜ್, ಸಿಂಕ್, ಕೆಲವದರಲ್ಲಿ ಶೌಚಾಲಯವೂ ಉಂಟು. ಒಳ್ಳೆ ನೀರಿಗೆ ಒಂದು ಟ್ಯಾಂಕ್, ಪಾತ್ರೆ ತೊಳೆದ ನೀರು ಸೇರಲು ಇನ್ನೊಂದು, ಶೌಚದ ನೀರಿಗೆ ಬೇರೆಯೇ. ಈ ಕೊಳೆ ನೀರನ್ನು ಕಂಡ ಕಂಡಲ್ಲಿ ಬಿಡುವಂತಿಲ್ಲ. ಕ್ಯಾಂಪ್ ಜಾಗದಲ್ಲಿರುವ 'ಡಂಪ್ ಸ್ಟೇಷನ್'ಗೆ ಹೋಗಿ ಪೈಪು ಜೋಡಿಸಿ ಖಾಲಿ ಮಾಡಬೇಕು. ಟ್ಯಾಂಕಿನ ನೀರು ಎರಡು ಮೂರು ದಿನಕ್ಕೆ ಸಾಕಾಗಬೇಕಾದಾಗ ಒಂದು ಲೋಟದ ಬೆಲೆಯೂ ಗೊತ್ತಾಗುತ್ತದೆ. ಹರಿಯುವ ಹೊಳೆಯ ಬದಿಯಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದು ಎಂದು ಮದ್ರಸದಲ್ಲಿ ಕಲಿತ ಪಾಠ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ.

ಈ ಉದ್ಯಾನಗಳನ್ನು 'ಸ್ಟೇಟ್ ಪಾರ್ಕ್' ಅನ್ನುತ್ತಾರೆ. ಕೇಂದ್ರ ಸರಕಾರದ ನ್ಯಾಷನಲ್ ಪಾರ್ಕ್‌ಗಳು ಬೇರೆ, ಇವು ಆಯಾ ರಾಜ್ಯದವು. ವ್ಯಾನ್ ನಿಲ್ಲಿಸಲು ನಂಬರ್ ಹಾಕಿದ ಜಾಗ, ವಿದ್ಯುತ್ ಕಂಬ, ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಹೆಚ್ಚಿನ ಕಡೆ ಸ್ನಾನಗೃಹ, ಇಷ್ಟೇ ಸೌಕರ್ಯ. ಮಿನೆಸೋಟದಲ್ಲಿ ಗಾಡಿಗೆ ಪರವಾನಗಿ ಪಡೆಯಬೇಕು. ಮಿಸೌರಿ ರಾಜ್ಯದಲ್ಲಿ ಪ್ರವೇಶಕ್ಕೆ ದುಡ್ಡೇ ಇಲ್ಲ, ತಂಗುವುದಕ್ಕೆ ಮಾತ್ರ ಶುಲ್ಕ.

ನದಿ ಹಿಡಿದು ಹೋಗಬೇಕೆಂದರೆ ಮಿಸಿಸಿಪ್ಪಿಗಿಂತ ಒಳ್ಳೆಯ ದಾರಿ ಇಲ್ಲ. ಉತ್ತರದ ಮಿನೆಸೋಟದಲ್ಲಿ ಹುಟ್ಟಿ ದಕ್ಷಿಣದಲ್ಲಿ ಮೆಕ್ಸಿಕೋ ಕೊಲ್ಲಿ ಸೇರುವ ಈ ನದಿಯ ಉದ್ದ 3,700 ಕಿ.ಮೀ.ಗೂ ಹೆಚ್ಚು. ದಡದ ರಾಜ್ಯಗಳು ಸೇರಿ 1938ರಲ್ಲಿ ಒಂದು ಆಯೋಗ ಮಾಡಿಕೊಂಡವು. ಅದರ ಫಲವೇ 'ಗ್ರೇಟ್ ರಿವರ್ ರೋಡ್'. ನದಿಯ ಎರಡೂ ಬದಿಯ ಹಲವು ರಸ್ತೆಗಳನ್ನು ಜೋಡಿಸಿ ಹತ್ತು ರಾಜ್ಯಗಳಲ್ಲಿ ಹಾದುಹೋಗುವ ದಾರಿ ಇದು. ಹಡಗಿನ ಚುಕ್ಕಾಣಿ ಚಕ್ರದ ಹಸಿರು ಫಲಕ ನೋಡುತ್ತಾ ಹೋದರೆ ಸಾಕು.

ಮೊದಲ ತಂಗುದಾಣ ಇಟಾಸ್ಕಾ ಸ್ಟೇಟ್ ಪಾರ್ಕ್. ಇಟಾಸ್ಕಾ ಸರೋವರದಿಂದ ಮಿಸಿಸಿಪ್ಪಿ ಹೊರಡುವ ಜಾಗದಲ್ಲಿ ಸಣ್ಣ ಮಕ್ಕಳೂ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ನದಿ ದಾಟುತ್ತಾರೆ. ಈ ಮೂಲವನ್ನು 1832ರಲ್ಲಿ 'ಕಂಡುಹಿಡಿದವರು' ಸರಕಾರಿ ಅಧಿಕಾರಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅವರನ್ನು ಅಲ್ಲಿಗೆ ಕರೆದೊಯ್ದವರು ಒಝಾವಿಂಡಿಬ್ ಎಂಬ ಒಜಿಬ್ವೆ ಜನಾಂಗದವರು. ದಾರಿ ತೋರಿಸಿದವರಿಗೆ ಮೊದಲೇ ಗೊತ್ತಿದ್ದ ಜಾಗ ಅದು!

1891ರಲ್ಲಿ ಈ ಪಾರ್ಕ್ ಆದದ್ದು ಶಾಸನ ಸಭೆಯಲ್ಲಿ ಒಂದೇ ಒಂದು ಮತದ ಅಂತರದಿಂದ. ಆದ ಮೇಲೂ ಮರದ ಕಂಪೆನಿಗಳ ಕಾಟ ನಿಲ್ಲಲಿಲ್ಲ. ದಿಮ್ಮಿಗಳನ್ನು ತೇಲಿಸಲು ಅವರು ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ಏರಿಸುತ್ತಿದ್ದರು, ದಡದ ಮರಗಳು ಮುಳುಗಿ ಸಾಯುತ್ತಿದ್ದವು. 1903ರಲ್ಲಿ ತಂದೆ ತೀರಿಕೊಂಡ ಮೇಲೆ ಪಾರ್ಕಿನ ಹೊಣೆ 24 ವರ್ಷದ ಮೇರಿ ಗಿಬ್ಸ್ ಎಂಬ ಹೆಣ್ಣುಮಗಳ ಮೇಲೆ ಬಿತ್ತು. ಆಕೆ ಅಣೆಕಟ್ಟಿಗೇ ಹೋಗಿ ಬಾಗಿಲು ತೆರೆಯಿರಿ ಎಂದಳು. ಬಂದೂಕು ತೋರಿಸಿ ಹೆದರಿಸಿದರೂ ಹಿಂದೆ ಸರಿಯಲಿಲ್ಲ. ಅಧಿಕಾರದಲ್ಲಿ ಇದ್ದದ್ದು ಕೆಲವೇ ತಿಂಗಳು. ಆದರೂ ಇಂದು ನದಿ ಮೂಲದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಅವಳದೇ ಹೆಸರು.

ಅಲ್ಲಿಂದ ಇಳಿದು ಬಂದರೆ ಮಿನಿಯಾಪೊಲಿಸ್. ಅಮೆರಿಕದಲ್ಲಿ ಅತಿ ದೊಡ್ಡ ಸೊಮಾಲಿ ಮುಸ್ಲಿಂ ಸಮುದಾಯ ಇರುವುದು ಈ ಭಾಗದಲ್ಲಿ. 2023ರಲ್ಲಿ ಐದು ಹೊತ್ತಿನ ಅಝಾನನ್ನೂ ಧ್ವನಿವರ್ಧಕದಲ್ಲಿ ಕೊಡಲು ಇಲ್ಲಿನ ನಗರಸಭೆ ಅನುಮತಿ ಕೊಟ್ಟಿತು. ಮುಂದಿನ ಸಣ್ಣ ಊರುಗಳಲ್ಲಿ ಹಲಾಲ್ ಮಾಂಸ ಸಿಗುವುದು ಕಷ್ಟ, ಆದ್ದರಿಂದ ಫ್ರಿಜ್ ತುಂಬಿಸಿಕೊಳ್ಳಲು ಇದೇ ಜಾಗ.

ಇಲ್ಲೇ ಪಕ್ಕದಲ್ಲಿ ಮಿನೆಸೋಟ ನದಿ ಮಿಸಿಸಿಪ್ಪಿಯನ್ನು ಸೇರುವಲ್ಲಿ ಫೋರ್ಟ್ ಸ್ನೆಲಿಂಗ್ ಸ್ಟೇಟ್ ಪಾರ್ಕ್ ಉಂಟು. ರಾತ್ರಿ ತಂಗಲು ಬಿಡುವುದಿಲ್ಲ, ಹಗಲು ನೋಡಿ ಬರಬಹುದು. ಡಕೋಟಾ ಜನರಿಗೆ ಈ ಸಂಗಮ ಪವಿತ್ರ ಸ್ಥಳ. 1862ರ ಯುದ್ಧದ ನಂತರ ಸುಮಾರು 1,600 ಡಕೋಟಾ ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಇದೇ ತಗ್ಗಿನಲ್ಲಿ ಬೇಲಿಯೊಳಗೆ ಕೂಡಿಹಾಕಿದರು. ಚಳಿ ಮತ್ತು ರೋಗಕ್ಕೆ ಬಹಳ ಮಂದಿ ಸತ್ತರು. ಬದುಕಿದವರನ್ನು ರಾಜ್ಯದಿಂದಲೇ ಹೊರಗಟ್ಟಿದರು.

ವಿಸ್ಕಾನ್ಸಿನ್ ರಾಜ್ಯದ ವೈಲೂಸಿಂಗ್ ಪಾರ್ಕ್‌ನಲ್ಲಿ ನೋಟ ಬೇರೆ. ಎತ್ತರದ ಗುಡ್ಡದಿಂದ ಎರಡು ನದಿಗಳ ಸಂಗಮ ಕೆಳಗೆ ಕಾಣುತ್ತದೆ. ಅಲ್ಲಿ 1947ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಉಂಟು, ಒಂದು ಹಕ್ಕಿಗೆ. ಆಕಾಶ ಕಪ್ಪಾಗುವಷ್ಟು ದೊಡ್ಡ ಹಿಂಡುಗಳಲ್ಲಿ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳವನ್ನು ಮನುಷ್ಯ ಬೇಟೆಯಾಡಿ ಮುಗಿಸಿದ. ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಹೇರಳವಾಗಿದೆ ಎಂದ ಮಾತ್ರಕ್ಕೆ ಯಾವುದೂ ಮುಗಿಯದೆ ಇರುವುದಿಲ್ಲ.

ಇನ್ನೂ ದಕ್ಷಿಣಕ್ಕೆ ಇಳಿದರೆ ಮಿಸೌರಿಯ 'ಟ್ರೇಲ್ ಆಫ್ ಟಿಯರ್ಸ್' ಪಾರ್ಕ್. ಹೆಸರಿನ ಅರ್ಥ ಕಣ್ಣೀರಿನ ದಾರಿ. 1830ರ ಕಾನೂನಿನ ಬಲದಿಂದ ಚೆರೋಕಿ ಜನರನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ನಡೆಸಿದರು. 1838-39ರ ಚಳಿಗಾಲದಲ್ಲಿ ಹದಿಮೂರು ತಂಡಗಳಲ್ಲಿ ಒಂಬತ್ತು ಈ ದಡದಲ್ಲೇ ಮಿಸಿಸಿಪ್ಪಿ ದಾಟಿದವು. ಇಂದು ಅದೇ ಹೊಳೆಯ ಬದಿಯಲ್ಲಿ ವ್ಯಾನ್ ನಿಲ್ಲಿಸಿ ಮಕ್ಕಳಿಗೆ ಚಹಾ ಮಾಡಿಕೊಡಬಹುದು. ಆ ಚಹಾ ಕುಡಿಯುವಾಗ ಇಲ್ಲಿ ದೋಣಿಗೆ ಕಾದು ಚಳಿಯಲ್ಲಿ ಕೂತಿದ್ದ ಮಕ್ಕಳ ಬಗ್ಗೆ ಒಂದು ಮಾತು ಹೇಳಬೇಕಲ್ಲ?

ಟೆನ್ನೆಸ್ಸಿಯ ಮೆಂಫಿಸ್‌ನಲ್ಲಿ ಟಿ.ಒ. ಫುಲ್ಲರ್ ಪಾರ್ಕ್ ಉಂಟು. ಕರಿಯರಿಗೆ ಉದ್ಯಾನಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1938ರಲ್ಲಿ ಇದರ ಕೆಲಸ ಶುರುವಾಯಿತು. ಮಿಸಿಸಿಪ್ಪಿಯ ಪೂರ್ವಕ್ಕೆ ಕರಿಯರಿಗೆ ತೆರೆದ ಮೊದಲ ಸ್ಟೇಟ್ ಪಾರ್ಕ್ ಇದು. ಕಟ್ಟಿದವರೂ ಕರಿಯ ಕೆಲಸಗಾರರೇ. ಈಜುಕೊಳಕ್ಕೆ ಅಗೆಯುವಾಗ ಅವರಿಗೆ ಮೂಲನಿವಾಸಿಗಳ ಒಂದು ಹಳೆಯ ಹಳ್ಳಿಯೇ ಸಿಕ್ಕಿತು. ಅದನ್ನು ಚುಕಾಲಿಸಾ ಎಂಬ ಹೆಸರಿನಲ್ಲಿ ಈಗಲೂ ಕಾಪಾಡಿಕೊಂಡಿದ್ದಾರೆ.

ಯಾರು ಬೇಕಾದರೂ ಹೊಳೆಯ ಬದಿಗೆ ಹೋಗಿ ಕೂರಬಹುದು ಅನ್ನುವುದು ದೊಡ್ಡ ನಿಅಮತ್. ಅದು ತನ್ನಿಂದ ತಾನೇ ಬಂದದ್ದಲ್ಲ. ಒಬ್ಬಳು ಬಂದೂಕಿನ ಎದುರು ನಿಂತಳು, ಕೆಲವರು ಬೇಲಿಯ ಹೊರಗೆ ಕಾದರು, ಇನ್ನು ಕೆಲವರಿಂದ ಆ ನೆಲವನ್ನೇ ಕಿತ್ತುಕೊಂಡದ್ದು. ಈ ಪಾರ್ಕ್‌ಗಳ ಒಳ್ಳೆಯ ಗುಣವೇನೆಂದರೆ, ಇದನ್ನೆಲ್ಲ ಮುಚ್ಚಿಡದೆ ಫಲಕದಲ್ಲಿ ಬರೆದು ನಿಲ್ಲಿಸಿದ್ದಾರೆ.

ಹೋಗುವವರಿಗೆ ಕೆಲವು ಮಾತು. ಬೇಸಿಗೆಯ ಶನಿವಾರ, ಭಾನುವಾರಗಳಿಗೆ ಜಾಗ ತಿಂಗಳುಗಳ ಮೊದಲೇ ಬುಕ್ ಆಗುತ್ತದೆ. ಮಳೆ ಜಾಸ್ತಿಯಾದರೆ ದಡದ ಕ್ಯಾಂಪ್‌ಗಳನ್ನು ಮುಚ್ಚುವುದೂ ಉಂಟು, ಹೊರಡುವ ಮೊದಲು ವಿಚಾರಿಸಿ. ಸೌದೆಯನ್ನು ದೂರದಿಂದ ತರಬೇಡಿ, ಅಲ್ಲೇ ಕೊಳ್ಳಿ. 2002ರಲ್ಲಿ ಅಮೆರಿಕದಲ್ಲಿ ಪತ್ತೆಯಾದ ಒಂದು ಹಸಿರು ಹುಳು ಸೌದೆಯ ಜೊತೆ ಪ್ರಯಾಣ ಮಾಡಿ ಲಕ್ಷಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ರಾತ್ರಿ ಹತ್ತರ ನಂತರ ಸದ್ದು ಬೇಡ. ಕಿಬ್ಲಾ ಅಲ್ಲಿ ಈಶಾನ್ಯಕ್ಕೆ. ಭೂಪಟ ನೋಡಿ ಆಗ್ನೇಯ ಅಂದುಕೊಳ್ಳುವವರೇ ಹೆಚ್ಚು, ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಉತ್ತರದ ಕಡೆ ಬಾಗುತ್ತದೆ. ಮುಸಾಫಿರ್‌ಗೆ ಇರುವ ಕಸ್ರ್, ಜಮ್ಅ್ ರಿಯಾಯಿತಿ ನೆನಪಿರಲಿ. ಒಂದೇ ಕಡೆ ಹೆಚ್ಚು ದಿನ ತಂಗುವ ನಿಯ್ಯತ್ ಇದ್ದರೆ ಲೆಕ್ಕ ಬದಲಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ.

ಮತ್ತೆ, ದಿನಕ್ಕೆ ಮುನ್ನೂರು ಕಿ.ಮೀ. ಓಡಿಸುವ ಪ್ಲಾನ್ ಹಾಕಿದ್ದರೆ ಅದನ್ನು ಇನ್ನೂರಕ್ಕೆ ಇಳಿಸಿ. ಉಳಿದ ಹೊತ್ತಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆ ಫಲಕಗಳನ್ನು ಪೂರ್ತಿ ಓದಿ.